ನಾವಿಕರ ಸ್ತುತಿ, ನಾವೆಯ ಪರೀಕ್ಷೆ

ಮಹದಾಯಿ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನಾದವನ ಚಿತ್ತವು ಖಾನಾಪುರದ ಕಾಡುಗಳ ಕಡೆಗೂ, ಕಳಸಾ ಬಂಡೂರಿ ನಾಲೆಗಳ ಕಡೆಗೂ, ರಾಜ್ಯಗಳ ನಡುವೆ ದಶಕಗಳಿಂದ ನಡೆದುಬಂದಿರುವ ವ್ಯಾಜ್ಯದ ಕಡೆಗೂ ಹರಿಯುವುದು ಸ್ವಾಭಾವಿಕವೇ ಸರಿ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಜನಿಸಿ ಗೋವೆಯಲ್ಲಿ ಕಡಲನ್ನು ಕೂಡುವ ಆ ನದಿಯ ಹೆಸರನ್ನೇ ಧರಿಸಿದ ಹಾಯಿನಾವೆಯೊಂದು ಭಾರತೀಯ ನೌಕಾಪಡೆಗೆ ಸೇರಿದುದೆಂಬುದನ್ನೂ, ಅದು ಎರಡು ಬಾರಿ ಒಬ್ಬೊಬ್ಬನೇ ನಾವಿಕನನ್ನು ಹೊತ್ತು ಭೂಮಂಡಲಕ್ಕೆ ಪ್ರದಕ್ಷಿಣೆ ಬಂದಿತೆಂಬುದನ್ನೂ, ಅದೇ ನಕ್ಷೆಯಿಂದ ಹುಟ್ಟಿದ ಅದರ ತಂಗಿಯಾದ ತಾರಿಣಿಯು ಮಹಿಳಾ ಅಧಿಕಾರಿಗಳ ಕೈಯಲ್ಲಿ ಮತ್ತೆರಡು ಪ್ರದಕ್ಷಿಣೆಗಳನ್ನು ಪೂರೈಸಿತೆಂಬುದನ್ನೂ ನಮ್ಮಲ್ಲಿ ಬಲ್ಲವರು ವಿರಳ. ಬಲ್ಲವರಾದರೂ ಏನನ್ನು ಬಲ್ಲರು? ನಾವಿಕರ ಹೆಸರುಗಳನ್ನು, ಅವರು ಹೊರಟ ಮತ್ತು ಮರಳಿದ ದಿನಗಳನ್ನು, ಅವರಿಗೆ ಸಂದ ಸನ್ಮಾನಗಳನ್ನು. ಅವರ ಪ್ರಾಣಗಳಿಗೆ ಆಧಾರವಾಗಿದ್ದ ನಾವೆಯ ಗುಣವೇನು, ದೋಷವೇನು, ಅದು ಯಾವ ಗಾಳಿಯಲ್ಲಿ ಚೆನ್ನಾಗಿ ನಡೆಯಿತು, ಯಾವ ಅಲೆಯಲ್ಲಿ ತಡವರಿಸಿತು ಎಂಬ ಪ್ರಶ್ನೆಗಳು ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಏಳುವುದೇ ಇಲ್ಲ.

ಸಾಹಸವನ್ನು ಕೊಂಡಾಡಿ ಸಾಧನವನ್ನು ಪರೀಕ್ಷಿಸದೆ ಬಿಡುವ ಈ ಅಭ್ಯಾಸವು ನಾವಿಕನಿಗೂ ನ್ಯಾಯವನ್ನು ಒದಗಿಸದು, ನಾವೆಗೂ ಒದಗಿಸದು ಎಂಬುದು ನನ್ನ ಅಭಿಪ್ರಾಯ. ನಾವೆಯು ಎಷ್ಟು ನೆರವಾಯಿತೆಂಬುದನ್ನು ಅರಿಯದೆ ನಾವಿಕನ ಸ್ವಂತ ಕೌಶಲ ಎಷ್ಟೆಂಬುದನ್ನು ಅಳೆಯಲಾಗದು. ನಾವಿಕನು ತನ್ನ ದೇಹಶ್ರಮದಿಂದ ನಾವೆಯ ಯಾವ ಕೊರತೆಗಳನ್ನು ತುಂಬಿಕೊಟ್ಟನೆಂಬುದನ್ನು ತಿಳಿಯದೆ ಮುಂದಿನ ನಾವೆಯನ್ನು ಉತ್ತಮಪಡಿಸಲೂ ಆಗದು. ಇಂಥ ಪರೀಕ್ಷೆಯನ್ನು ನಡೆಸಬೇಕೆಂದು ಕೇಳುವ ಅಧಿಕಾರವು ಕಡಲತೀರದವರಿಗೆ ಮಾತ್ರ ಸೇರಿದುದೆಂದು ಯಾರಾದರೂ ಭಾವಿಸುವುದಾದರೆ, ಕಡಲಿನಿಂದ ನೂರಾರು ಮೈಲಿ ದೂರದಲ್ಲಿ, ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ ವಾಸಿಸುವ ಬೆಂಗಳೂರಿನ ಉತ್ತರಭಾಗದ ನಮಗೆ ಆ ಅಧಿಕಾರ ಎಲ್ಲರಿಗಿಂತ ಹೆಚ್ಚಾಗಿಯೇ ಉಂಟೆಂದು ನಾನು ವಾದಿಸುತ್ತೇನೆ.

ಏತಕ್ಕೆಂದರೆ, ಗಾಳಿಯನ್ನು ಪರೀಕ್ಷಕನ ಕಣ್ಣಿನಿಂದ ನೋಡುವ ವಿದ್ಯೆಯು ನಮ್ಮ ನೆರೆಹೊರೆಯಲ್ಲಿಯೇ ಬೆಳೆದುದು. 1996ರಿಂದ ಎರಡು ವರ್ಷಗಳಿಗೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ನಡೆದುಬಂದಿರುವ ವೈಮಾನಿಕ ಪ್ರದರ್ಶನದ ಕಾಲದಲ್ಲಿ ಮನೆಯ ಮಹಡಿಗಳ ಮೇಲೆ ನೆರೆಯುವ ಜನರ ಸಂಭಾಷಣೆಗೆ ಕಿವಿಗೊಟ್ಟರೆ, ಈ ವಿಮಾನದ ತಿರುವು ಎಷ್ಟು ಬಿಗಿಯಾದುದು, ಆ ವಿಮಾನದ ಎಂಜಿನ್ನು ಯಾವ ದೇಶದ್ದು, ಮತ್ತೊಂದು ಎಷ್ಟು ಚಿಕ್ಕ ಓಟದಲ್ಲಿ ನೆಲವನ್ನು ಬಿಟ್ಟಿತು ಎಂಬ ವಿಮರ್ಶೆಯು ಹೈಸ್ಕೂಲಿನ ಹುಡುಗರ ಬಾಯಲ್ಲಿಯೂ ಕೇಳಿಬರುವುದು. ಜಕ್ಕೂರಿನ ವಿಮಾನಶಾಲೆಯ ಪುಟ್ಟ ವಿಮಾನಗಳು ಎದುರುಗಾಳಿಯಲ್ಲಿ ಇಳಿಯುವುದನ್ನು ನೋಡುತ್ತ ಬೆಳೆದವರು ಇಲ್ಲಿ ಅನೇಕರಿದ್ದಾರೆ. ಯಶವಂತಪುರದ ಮಗ್ಗುಲಲ್ಲಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಿಂದಲೂ ವಿಮಾನಶಾಸ್ತ್ರದ ಅಧ್ಯಯನ ನಡೆದಿದೆ. ಅಲ್ಲಿನ ಗಾಳಿಸುರಂಗಗಳಲ್ಲಿ ರೆಕ್ಕೆಗಳ ಮಾದರಿಗಳನ್ನು ನಿಲ್ಲಿಸಿ ಅವುಗಳ ಮೇಲೆ ವಾಯುವು ಎಸಗುವ ಬಲಗಳನ್ನು ಅಳೆಯುವುದು ನಿತ್ಯದ ಕಾರ್ಯ. ಹಾಯಿಯೆಂಬುದಾದರೂ ಲಂಬವಾಗಿ ನಿಲ್ಲಿಸಿದ ರೆಕ್ಕೆಯಲ್ಲದೆ ಮತ್ತೇನು?

ಹಾಯಿದೋಣಿಯನ್ನು ಗಾಳಿಯು ಹಿಂದಿನಿಂದ ನೂಕುತ್ತದೆಂಬ ಲೋಕರೂಢಿಯ ಕಲ್ಪನೆಯು ಅರ್ಧಸತ್ಯ ಮಾತ್ರ. ಗಾಳಿಯು ಪಕ್ಕದಿಂದಲೋ ಓರೆಯಾಗಿ ಎದುರಿನಿಂದಲೋ ಬೀಸುವಾಗ ಹಾಯಿಯ ಉಬ್ಬಿದ ಮೈಯ ಮೇಲೆ ವೇಗವಾಗಿಯೂ ತಗ್ಗಿದ ಮೈಯ ಮೇಲೆ ಮಂದವಾಗಿಯೂ ಹರಿದು, ಒತ್ತಡದ ವ್ಯತ್ಯಾಸವನ್ನು ಉಂಟುಮಾಡಿ, ವಿಮಾನದ ರೆಕ್ಕೆಯನ್ನು ಮೇಲಕ್ಕೆತ್ತುವಂತೆಯೇ ಹಾಯಿಯನ್ನು ಪಕ್ಕಕ್ಕೂ ಕೊಂಚ ಮುಂದಕ್ಕೂ ಸೆಳೆಯುತ್ತದೆ. ಆ ಪಕ್ಕದ ಸೆಳೆತವನ್ನು ತಡೆದು ಮುಂದಿನ ಸೆಳೆತವನ್ನಷ್ಟೇ ಉಳಿಸಿಕೊಳ್ಳುವುದಕ್ಕಾಗಿ ದೋಣಿಯ ಅಡಿಯಲ್ಲಿ ನೀರೊಳಗೆ ಇನ್ನೊಂದು ರೆಕ್ಕೆಯಿರುತ್ತದೆ. ಅದನ್ನೇ ಕೀಲ್ ಎನ್ನುವರು. ನೀರು ಗಾಳಿಗಿಂತ ಸುಮಾರು ಎಂಟುನೂರು ಪಟ್ಟು ಸಾಂದ್ರವಾದುದರಿಂದ ಮೇಲಿನ ವಿಶಾಲವಾದ ರೆಕ್ಕೆಗೆ ಕೆಳಗಿನ ಕಿರಿದಾದ ರೆಕ್ಕೆಯೇ ಸಾಟಿಯಾಗುವುದು. ಇಂತು ಹಾಯಿನಾವೆಯ ವಿನ್ಯಾಸವು ಎರಡು ಭಿನ್ನ ಮಾಧ್ಯಮಗಳಲ್ಲಿ ಏಕಕಾಲಕ್ಕೆ ಕೆಲಸಮಾಡುವ ಎರಡು ರೆಕ್ಕೆಗಳ ಸಮನ್ವಯವಾಗಿರುವುದರಿಂದ, ವಿಮಾನವನ್ನು ಬಲ್ಲವನಿಗೆ ಅದರ ಪರೀಕ್ಷೆಯು ಅಪರಿಚಿತವಾದ ವಿದ್ಯೆಯಲ್ಲ.

ಇನ್ನು ನಾವೆಯ ವಿಷಯ. ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರ ಸಂಕಲ್ಪದಿಂದ ಮೂಡಿದ ಸಾಗರ ಪರಿಕ್ರಮ ಯೋಜನೆಗಾಗಿ, ನೆದರ್ಲೆಂಡಿನ ವಾನ್ ಡಿ ಸ್ಟಾಟ್ ಸಂಸ್ಥೆಯ ಟೋಂಗಾ 56 ಎಂಬ ನಕ್ಷೆಯನ್ನು ಆರಿಸಿಕೊಂಡು, ಗೋವೆಯ ದಿವಾಡಿ ದ್ವೀಪದ ಅಕ್ವೇರಿಯಸ್ ನೌಕಾಕಾರ್ಯಾಗಾರದಲ್ಲಿ ರತ್ನಾಕರ ದಾಂಡೇಕರರು ಮಹದಾಯಿಯನ್ನು ನಿರ್ಮಿಸಿದರು. ಅದು 2009ರ ಫೆಬ್ರವರಿಯಲ್ಲಿ ನೌಕಾಪಡೆಯನ್ನು ಸೇರಿತು. ಅಲ್ಲಿಯೇ ಕಟ್ಟಲ್ಪಟ್ಟ ತಾರಿಣಿಯು 2017ರ ಫೆಬ್ರವರಿ 18ರಂದು ಸೇರಿತು. ಉದ್ದ 56 ಅಡಿ, ಎಂದರೆ ಸುಮಾರು 17 ಮೀಟರು. ಅಗಲ 5 ಮೀಟರು. ತೂಕ ಸುಮಾರು 23 ಟನ್ನು. ಕೂವೆಕಂಬದ ಎತ್ತರ ಸುಮಾರು 25 ಮೀಟರು. ಒಡಲು ಮರದ ತಿರುಳಿನ ಇಕ್ಕೆಲಗಳಲ್ಲಿ ಗಾಜಿನ ನಾರಿನ ಪದರಗಳನ್ನು ಹಚ್ಚಿ ಮಾಡಿದುದು. ಈ ಅಂಕಿಗಳನ್ನು ಅರ್ಜಿಯ ಕೋಷ್ಟಕದಲ್ಲಿ ತುಂಬಿ ಮುಂದೆ ಸಾಗುವುದಕ್ಕಿಂತ, ಇವುಗಳಲ್ಲಿ ಒಂದೊಂದೂ ಯಾವ ಲಾಭವನ್ನು ತಂದು ಯಾವ ಬೆಲೆಯನ್ನು ಕೇಳುವುದೆಂದು ವಿಚಾರಿಸುವುದೇ ವಿಮರ್ಶೆಯ ಆರಂಭ.

ಮೊದಲನೆಯದಾಗಿ ಗಾತ್ರ. ಒಂದು ನಾವೆಯ ಆಕಾರವನ್ನು ಬದಲಿಸದೆ ಅದರ ಉದ್ದವನ್ನು ಇಮ್ಮಡಿಸಿದರೆ ಹಾಯಿಯ ವಿಸ್ತಾರವು ನಾಲ್ಕು ಪಟ್ಟಾಗುವುದು; ಗಾಳಿಯು ನಾವೆಯನ್ನು ವಾಲಿಸುವ ಶಕ್ತಿಯು ಎಂಟು ಪಟ್ಟಾಗುವುದು; ತೂಕವೂ ಎಂಟು ಪಟ್ಟಾಗುವುದು; ಆದರೆ ವಾಲಿದ ನಾವೆಯು ಮತ್ತೆ ನೆಟ್ಟಗೆ ನಿಲ್ಲುವ ಶಕ್ತಿಯು ಹದಿನಾರು ಪಟ್ಟಾಗುವುದು. ದೊಡ್ಡ ನಾವೆಯು ಚಿಕ್ಕದಕ್ಕಿಂತ ಸ್ಥಿರವಾಗಿರುವುದರ ರಹಸ್ಯವು ಈ ಗಣಿತದಲ್ಲಿ ಅಡಗಿದೆ. ವೇಗಕ್ಕೂ ಉದ್ದವೇ ಮೂಲ. ನೀರನ್ನು ಸೀಳಿಕೊಂಡು ಹೋಗುವ ಭಾರವಾದ ಒಡಲು ತಾನೇ ಎಬ್ಬಿಸಿದ ಅಲೆಯ ಬಂದಿಯಾಗುವುದರಿಂದ, ನೀರಗೆರೆಯ ಉದ್ದವನ್ನು ಅಡಿಗಳಲ್ಲಿ ಅಳೆದು ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವ ನಾಟುಗಳಷ್ಟೇ ಅದರ ಸಹಜವೇಗದ ಮೇರೆ: 25 ಅಡಿಯ ನೀರಗೆರೆಗೆ 6.7 ನಾಟು, 49 ಅಡಿಯದಕ್ಕೆ 9.4 ನಾಟು. ದೊಡ್ಡ ಅಲೆಯ ಬೆನ್ನಿನ ಮೇಲಿಂದ ಜಾರುವ ಕ್ಷಣಗಳಲ್ಲಿ ಈ ಮೇರೆಯನ್ನು ದಾಟುವುದುಂಟಾದರೂ, ತಿಂಗಳುಗಟ್ಟಲೆಯ ಪ್ರಯಾಣದ ಲೆಕ್ಕಕ್ಕೆ ಅದು ಬಾರದು.

ಆದರೆ ಇದೇ ಗಣಿತಕ್ಕೆ ಮತ್ತೊಂದು ಮುಖವುಂಟು. ಹಾಯಿಯ ವಿಸ್ತಾರವು ನಾಲ್ಕು ಪಟ್ಟಾದಾಗ ಮನುಷ್ಯನ ತೋಳಿನ ಬಲವು ನಾಲ್ಕು ಪಟ್ಟಾಗುವುದಿಲ್ಲ. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಒತ್ತಡವು ನಾಲ್ಮಡಿಯಾಗುವುದು. ಎಂದರೆ 20 ನಾಟುಗಳ ಗಾಳಿಯಲ್ಲಿ ಸುಲಭವಾಗಿ ಕೈಗೆ ಬಗ್ಗುತ್ತಿದ್ದ ಬಟ್ಟೆಯು 40 ನಾಟುಗಳಲ್ಲಿ ಅದೇ ಮನುಷ್ಯನನ್ನು ಎತ್ತಿ ಒಗೆಯಬಲ್ಲದು. ಅಂಥ ಸಮಯದಲ್ಲಿ ಹಾಯಿಯನ್ನು ಕುಗ್ಗಿಸುವ ಕೆಲಸವನ್ನು ಕತ್ತಲಲ್ಲಿ, ಚಳಿಯಲ್ಲಿ, ನಿದ್ದೆಗೆಟ್ಟ ಒಂದೇ ಜೊತೆ ಕೈಗಳು ಮಾಡಬೇಕಾದರೆ, ಸಮುದ್ರದ ದೃಷ್ಟಿಯಿಂದ ಸುರಕ್ಷಿತವಾದ ನಾವೆಯು ಮನುಷ್ಯನ ದೃಷ್ಟಿಯಿಂದ ಅಪಾಯಕರವಾಗಬಹುದು. ದೊಡ್ಡ ದೂರಯಾನದ ಹಾಯಿನಾವೆಯ ವಿನ್ಯಾಸದ ಮುಖ್ಯ ಸಮಸ್ಯೆಯೇ ಇದು. ಹಗ್ಗಗಳು ಎಲ್ಲಿಗೆ ಬಂದು ಸೇರುತ್ತವೆ, ಅವುಗಳನ್ನು ಎಳೆಯುವ ವಿಂಚುಗಳು ಎಷ್ಟು ಬಲವುಳ್ಳವು, ಚುಕ್ಕಾಣಿಯನ್ನು ಮನುಷ್ಯನ ಬದಲು ಹಿಡಿಯುವ ಯಂತ್ರವು ಕೆಟ್ಟರೆ ಎರಡನೆಯ ಉಪಾಯವೇನು, ಕೂವೆಕಂಬದ ಬಳಿಗೆ ಹೋಗದೆಯೇ ಹಾಯಿಯನ್ನು ಇಳಿಸಬಹುದೆ ಎಂಬ ಸಣ್ಣದೆಂದು ತೋರುವ ಪ್ರಶ್ನೆಗಳೇ ಪ್ರಾಣವನ್ನು ಉಳಿಸುವ ಪ್ರಶ್ನೆಗಳು.

ವೇಗದ ವಿಚಾರಕ್ಕೆ ಬರೋಣ. 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟ ಅಭಿಲಾಷ್ ಟಾಮಿಯವರು ಎಲ್ಲಿಯೂ ನಿಲ್ಲದೆ, ಯಾರ ನೆರವನ್ನೂ ಪಡೆಯದೆ, 2013ರ ಮಾರ್ಚ್ 31ರಂದು ಮರಳಿದರು. ಭೂಪ್ರದಕ್ಷಿಣೆಯೆನಿಸಿಕೊಳ್ಳಲು 21,600 ನಾಟಿಕಲ್ ಮೈಲಿಗಳಿಗೆ ಕಡಮೆಯಿಲ್ಲದಂತೆ ಸಾಗಬೇಕು. 150 ದಿನಗಳೆಂದರೆ 3,600 ಗಂಟೆಗಳು. ಆದುದರಿಂದ ಸರಾಸರಿ ವೇಗವು ಕನಿಷ್ಠಪಕ್ಷ 6 ನಾಟು, ಗಂಟೆಗೆ ಹನ್ನೊಂದು ಕಿಲೋಮೀಟರು. ಸಂಜೆಯ ಹೊತ್ತು ಹೆಬ್ಬಾಳದ ಮೇಲ್ಸೇತುವೆಯನ್ನು ದಾಟುವ ವಾಹನದ ವೇಗವೂ ಅಷ್ಟೇ ಎಂದು ಯಾರಾದರೂ ನಕ್ಕರೆ ನಗಲಿ. ಹಗಲಿರುಳೆನ್ನದೆ, ನಿಶ್ಚಲವಾದ ಗಾಳಿಯ ದಿನಗಳನ್ನೂ ಬಿರುಗಾಳಿಯ ರಾತ್ರಿಗಳನ್ನೂ ಒಳಗೊಂಡು, ಐದು ತಿಂಗಳ ಉದ್ದಕ್ಕೂ ತನ್ನ ಸಹಜಮೇರೆಯ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಸರಾಸರಿಯನ್ನು ಒಬ್ಬನೇ ನಾವಿಕನ ಕೈಯಲ್ಲಿ ಸಾಧಿಸುವುದು ಭಾರವಾದ ಯಾತ್ರಾನಾವೆಗೆ ಅತ್ಯಂತ ಗೌರವದ ಸಂಗತಿ. 1968ರ ಜೂನಿನಲ್ಲಿ ಹೊರಟು ಪ್ರಪಂಚದಲ್ಲಿ ಮೊದಲ ಬಾರಿಗೆ ಏಕಾಂಗಿಯಾಗಿ ನಿಲ್ಲದೆ ಪ್ರದಕ್ಷಿಣೆ ಮಾಡಿದ ರಾಬಿನ್ ನಾಕ್ಸ್‌ಜಾನ್‌ಸ್ಟನ್ನರಿಗೆ, ಮುಂಬಯಿಯಲ್ಲಿಯೇ ತೇಗದ ಮರದಿಂದ ಕಟ್ಟಿದ 32 ಅಡಿಯ ಸುಹೈಲಿಯಲ್ಲಿ, 312 ದಿನಗಳು ಹಿಡಿದಿದ್ದವು.

ಆದರೆ ದಿನಗಳನ್ನು ದಿನಗಳೊಡನೆ ಹೋಲಿಸುವಾಗ ಎಚ್ಚರ ಬೇಕು. ಅದೇ ಟಾಮಿಯವರು 2022ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ 36 ಅಡಿಯ ಬಯಾನತ್ ಎಂಬ ದೋಣಿಯಲ್ಲಿ 236 ದಿನಗಳಲ್ಲಿ ಪ್ರದಕ್ಷಿಣೆಯನ್ನು ಮುಗಿಸಿ ಎರಡನೆಯವರಾದರು. ಒಬ್ಬನೇ ನಾವಿಕ, ಎರಡು ದೋಣಿಗಳು. 150ಕ್ಕೂ 236ಕ್ಕೂ ನಡುವಣ ಅಂತರವೆಲ್ಲ ಗಾತ್ರದ ಕಾಣಿಕೆಯೆಂದು ಹೇಳುವ ಮನಸ್ಸಾಗುವುದು. ಆದರೆ ಫ್ರಾನ್ಸಿನಿಂದ ಹೊರಟು ಅಟ್ಲಾಂಟಿಕ್ ಸಾಗರವನ್ನು ಉದ್ದಕ್ಕೂ ಇಳಿದು ಮತ್ತೆ ಏರಬೇಕಾದ ಆ ಸ್ಪರ್ಧೆಯ ದಾರಿಯು ಹೆಚ್ಚು ದೀರ್ಘವಾದುದು. ಆಧುನಿಕ ಉಪಕರಣಗಳಿಗೆ ಅಲ್ಲಿ ನಿಷೇಧವಿತ್ತು. ಇವನ್ನು ಕಳೆದು ಉಳಿದುದನ್ನು ಮಾತ್ರ ನಾವೆಯ ಲೆಕ್ಕಕ್ಕೆ ಬರೆಯುವುದು ನ್ಯಾಯ. ಪರೀಕ್ಷೆಯೆಂಬುದರ ಅರ್ಥವೇ ಹೀಗೆ ಒಂದೊಂದು ಕಾರಣವನ್ನೂ ಬೇರ್ಪಡಿಸಿ ತೂಗುವುದು.

ವೇಗಕ್ಕಿಂತ ಮುಖ್ಯವಾದುದು ವಿಪತ್ಕಾಲದ ನಡತೆ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಸ್ಪರ್ಧೆಗೆ ಹೊರಟ 303 ದೋಣಿಗಳ ಮೇಲೆ ಬಿರುಗಾಳಿಯು ಎರಗಿ 15 ಮಂದಿ ಸ್ಪರ್ಧಿಗಳು ಮಡಿದಾಗ, ಕೆಲವು ದೋಣಿಗಳು ಮಗುಚಿದ ಮೇಲೆ ಒಡನೆ ಏಳದೆ ತಲೆಕೆಳಗಾಗಿಯೇ ತೇಲುತ್ತಿದ್ದುವೆಂಬ ಭಯಂಕರವಾದ ಸತ್ಯವು ಹೊರಬಿದ್ದಿತು. ಆಗ ಇಂಗ್ಲೆಂಡು ಮೃತರಿಗೆ ಶೋಕವನ್ನು ಸೂಚಿಸಿ ಸುಮ್ಮನಾಗಲಿಲ್ಲ. ಬದುಕಿದ ನಾವಿಕರ ಅನುಭವಗಳನ್ನು ಕ್ರಮವಾಗಿ ಸಂಗ್ರಹಿಸಿ, ವಿಚಾರಣೆಯ ವರದಿಯನ್ನು ಪ್ರಕಟಿಸಿ, ಮಾದರಿ ದೋಣಿಗಳನ್ನು ನೀರಿನ ತೊಟ್ಟಿಯಲ್ಲಿ ಮುರಿಯುವ ಅಲೆಗಳಿಗೆ ಒಡ್ಡಿ ಪರೀಕ್ಷಿಸಿತು. ಅತಿಯಾಗಿ ಹಗುರವೂ ಅತಿಯಾಗಿ ಅಗಲವೂ ಆದ ಒಡಲು ಮೊದಲು ಸ್ಥಿರವಾಗಿ ಕಂಡರೂ ಮಗುಚಿದ ಮೇಲೆ ಮಗುಚಿಯೇ ಇರಲು ಹವಣಿಸುವುದೆಂಬ ತಿಳಿವಳಿಕೆಯು ಅಂದಿನಿಂದ ವಿನ್ಯಾಸಕಾರರ ಪಾಠವಾಯಿತು. ಇಂದು ಯಾವುದೇ ದೂರಯಾನದ ನಾವೆಯನ್ನು ಪರೀಕ್ಷಿಸುವವನು ಮೊದಲು ಕೇಳುವ ಪ್ರಶ್ನೆ, ಇದು ಎಷ್ಟು ಅಂಶಗಳವರೆಗೆ ವಾಲಿದರೂ ತಾನಾಗಿ ಏಳಬಲ್ಲುದು ಎಂಬುದು.

ನಮಗೂ ಇಂಥ ಪಾಠವು ದೊರೆಯದೆ ಹೋಗಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ, ಸುಹೈಲಿಯ ಪ್ರತಿರೂಪವಾಗಿ ಗೋವೆಯಲ್ಲಿಯೇ ಕಟ್ಟಿದ 32 ಅಡಿಯ ತುರಿಯಾ ಎಂಬ ದೋಣಿಯು ಅಲೆಗೆ ಸಿಕ್ಕಿ ಉರುಳಿ, ಕೂವೆಕಂಬಗಳು ಮುರಿದು, ಟಾಮಿಯವರ ಬೆನ್ನುಮೂಳೆಗೆ ಪೆಟ್ಟಾಗಿ, ಮೂರು ದಿನಗಳ ನಂತರ ಫ್ರಾನ್ಸಿನ ಒಸಿರಿಸ್ ಎಂಬ ನೌಕೆಯು ಅವರನ್ನು ರಕ್ಷಿಸಿತು. ನಮ್ಮ ಪತ್ರಿಕೆಗಳು ಅವರ ಧೈರ್ಯವನ್ನು ಯಥೋಚಿತವಾಗಿ ವರ್ಣಿಸಿದವು. ಅದೇ ಸಾಗರವನ್ನು ಅದೇ ನಾವಿಕನೊಡನೆ 56 ಅಡಿಯ ಮಹದಾಯಿಯು ದಾಟಿದ್ದಿತೆಂಬುದನ್ನು ಪಕ್ಕದಲ್ಲಿಟ್ಟು, ಗಾತ್ರವೂ ತೂಕವೂ ಎಷ್ಟರಮಟ್ಟಿಗೆ ಕಾರಣಗಳಾದವು, ಆ ದಿನದ ಅಲೆಯ ವಿಶೇಷತೆಯು ಎಷ್ಟರಮಟ್ಟಿಗೆ ಕಾರಣವಾಯಿತು ಎಂದು ವಿವೇಚಿಸುವ ಉತ್ತಮವಾದ ಅವಕಾಶವನ್ನು ಮಾತ್ರ ನಾವು ಕೈಬಿಟ್ಟೆವು.

ಇಲ್ಲಿಯೇ ನಾನು ಹೇಳಬೇಕೆಂದಿರುವ ಮುಖ್ಯವಾದ ಮಾತು ಬರುತ್ತದೆ. ಮಹದಾಯಿ ಮತ್ತು ತಾರಿಣಿಗಳ ಮೂಲಕ ನಮ್ಮ ನೌಕಾಪಡೆಯು, ಪರೀಕ್ಷೆಯ ಉದ್ದೇಶವಿಲ್ಲದೆಯೇ, ಒಂದು ಅಪೂರ್ವವಾದ ಪ್ರಯೋಗಸರಣಿಯನ್ನು ನಡೆಸಿಬಿಟ್ಟಿದೆ. ಒಂದೇ ನಕ್ಷೆ, ಕಟ್ಟಿದ ಸ್ಥಳವೂ ಒಂದೇ. 2009ರ ಆಗಸ್ಟ್ 19ರಿಂದ 2010ರ ಮೇ 19ರವರೆಗೆ ದಿಲೀಪ್ ದೊಂಡೆಯವರು ಏಕಾಂಗಿಯಾಗಿ ನಾಲ್ಕು ಬಂದರುಗಳಲ್ಲಿ ತಂಗುತ್ತ ಪ್ರದಕ್ಷಿಣೆ ಬಂದರು. ಅನಂತರ ಟಾಮಿಯವರು ಏಕಾಂಗಿಯಾಗಿ ತಂಗದೆಯೇ ಬಂದರು. 2017ರ ಸೆಪ್ಟೆಂಬರ್ 10ರಿಂದ 2018ರ ಮೇ 21ರವರೆಗೆ ವರ್ತಿಕಾ ಜೋಶಿಯವರ ನೇತೃತ್ವದಲ್ಲಿ ಆರು ಮಂದಿ ಮಹಿಳೆಯರು ಬಂದರು. 2024ರ ಅಕ್ಟೋಬರ್ 2ರಿಂದ 2025ರ ಮೇ 29ರವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ಬಂದರು. ಒಬ್ಬರು, ಇಬ್ಬರು, ಆರು ಮಂದಿ. ತಂಗಿದ ಯಾತ್ರೆ, ತಂಗದ ಯಾತ್ರೆ. ಕೈಗಳ ಸಂಖ್ಯೆಯು ಬದಲಾದಾಗ ಅದೇ ನಾವೆಯ ವೇಗವೂ ಸುರಕ್ಷತೆಯೂ ನಾವಿಕರ ಆಯಾಸವೂ ಹೇಗೆ ಬದಲಾದವೆಂಬುದನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ಪ್ರಯೋಗವನ್ನು ಯಾವ ವಿಜ್ಞಾನಿಯಾದರೂ ಯೋಜಿಸಬಲ್ಲನೆ? ಆ ಯಾನಗಳ ದಿನಚರಿಪುಸ್ತಕಗಳಲ್ಲಿರುವ ಗಾಳಿ, ವೇಗ, ವಾಲಿಕೆ, ದುರಸ್ತಿಗಳ ವಿವರವನ್ನು ಒಟ್ಟುಗೂಡಿಸಿದರೆ, ಪ್ರಪಂಚದ ಯಾವ ನಾವೆಯ ವಿಮರ್ಶೆಗೂ ಮಾದರಿಯಾಗಬಲ್ಲ ಗ್ರಂಥವೊಂದು ಸಿದ್ಧವಾಗುವುದು.

ಅಂಥ ಗ್ರಂಥದಲ್ಲಿ ದೋಷಗಳ ಅಧ್ಯಾಯವೂ ಇರಲೇಬೇಕು. 2018ರ ಯಾತ್ರೆಯ ಕೊನೆಯ ಹಂತದಲ್ಲಿ ತಾರಿಣಿಯ ಚುಕ್ಕಾಣಿಯ ವ್ಯವಸ್ಥೆಯು ಕೆಟ್ಟು, ಪೂರ್ವಯೋಜನೆಯಲ್ಲಿಲ್ಲದ ಮಾರಿಷಸ್ಸಿನ ಪೋರ್ಟ್ ಲೂಯಿ ಬಂದರಿಗೆ ಅದು ಹೋಗಬೇಕಾಯಿತು. ದೀರ್ಘಯಾನದ ನಾವೆಯಲ್ಲಿ ಏನೊಂದೂ ಕೆಡಬಾರದೆಂದು ಬಯಸುವುದು ಅವಿವೇಕ. ಕೆಟ್ಟುದನ್ನು ಕಡಲಿನ ಮೇಲೆಯೇ ಎಷ್ಟರಮಟ್ಟಿಗೆ ಸರಿಪಡಿಸಬಹುದು, ಯಾವ ಭಾಗವು ಯಾವ ದೂರದ ಬಳಿಕ ಸವೆಯುವುದು, ಅದರ ಬಳಿಗೆ ಕೈ ಹೋಗುವಷ್ಟು ಅವಕಾಶವನ್ನು ವಿನ್ಯಾಸಕಾರನು ಬಿಟ್ಟಿರುವನೆ ಎಂದು ಕೇಳುವುದು ವಿವೇಕ. ಆರು ಮಂದಿಯಿದ್ದಾಗ ಸಂಭವಿಸಿದ ಈ ತೊಂದರೆಯು ಒಬ್ಬರಿದ್ದಾಗ ಸಂಭವಿಸಿದ್ದರೆ ಪರಿಣಾಮವೇನಾಗುತ್ತಿದ್ದಿತೆಂಬ ಪ್ರಶ್ನೆಯೂ ಅಷ್ಟೇ ಪ್ರಸ್ತುತ.

ಈ ನಾವೆಗಳೇ ಹಳೆಯ ರೀತಿಯವು, ಭಾರವಾದವು, ಮಂದಗತಿಯವು ಎಂದು ಆಕ್ಷೇಪಿಸುವವರೂ ಇದ್ದಾರೆ. ಅವರ ವಾದಕ್ಕೆ ಬಲವಿಲ್ಲದಿಲ್ಲ. ವಾಂಡೇ ಗ್ಲೋಬ್ ಸ್ಪರ್ಧೆಯಲ್ಲಿ ಚಾರ್ಲಿ ದಾಲ್ಯಾ ಎಂಬ ಫ್ರೆಂಚ್ ನಾವಿಕನು 60 ಅಡಿಯ ನಾವೆಯಲ್ಲಿ 65 ದಿನಗಳೊಳಗೆ ಏಕಾಂಗಿಯಾಗಿ ಪ್ರದಕ್ಷಿಣೆಯನ್ನು 2025ರ ಜನವರಿಯಲ್ಲಿ ಮುಗಿಸಿದನು. ನಮ್ಮ ನಾವೆಯ ಅರ್ಧದಷ್ಟೂ ತೂಗದ ಅಂಥ ನಾವೆಗಳು ನೀರೊಳಗಿನ ರೆಕ್ಕೆಗಳ ಮೇಲೆ ಅರ್ಧ ಹಾರುತ್ತಲೇ ಸಾಗುತ್ತವೆ. ಆದರೆ ಅವು ಜೂಜಿನ ಕುದುರೆಗಳು. ಅವುಗಳ ಹಿಂದೆ ದಂಡೆಯ ಮೇಲೆ ದೊಡ್ಡ ಪರಿವಾರವೇ ನಿಂತಿರುವುದು. ಒಳಗೆ ಮಲಗಿದವನ ಮೈಮೂಳೆಗಳು ಸಡಿಲವಾಗುವಂತೆ ಅವು ಅಲೆಯಿಂದ ಅಲೆಗೆ ಅಪ್ಪಳಿಸುವುವು. ಎಳೆಯ ಅಧಿಕಾರಿಗಳಿಗೆ ಸಮುದ್ರಶಿಕ್ಷಣವನ್ನು ಕೊಟ್ಟು, ವರ್ಷಾನುವರ್ಷ ಸೇವೆ ಸಲ್ಲಿಸಿ, ದೂರದ ಬಂದರೊಂದರಲ್ಲಿ ಸಾಮಾನ್ಯ ಸಲಕರಣೆಗಳಿಂದ ದುರಸ್ತಿಯಾಗಬಲ್ಲ ನಾವೆಗೆ ಆ ಮಾನದಂಡವನ್ನು ಹಚ್ಚುವುದು ತಪ್ಪು. 23 ಟನ್ನುಗಳ ತೂಕವು ಮಂದಮಾರುತದಲ್ಲಿ ಹೊರೆಯೇ ಆದರೂ, ದಕ್ಷಿಣ ಸಾಗರದಲ್ಲಿ ಅದು ಚಲನೆಯನ್ನು ಮೃದುಗೊಳಿಸಿ, ನಾವಿಕನಿಗೆ ಎರಡು ಗಂಟೆಗಳ ನಿದ್ದೆಯನ್ನು ಒದಗಿಸಿ, ಅವನ ವಿವೇಕವನ್ನು ಕಾಪಾಡುವುದು. ಆದುದರಿಂದ ನನ್ನ ನಿರ್ಣಯ ಇಷ್ಟು: ಸಮುದ್ರವನ್ನು ಸಹಿಸುವ ಗುಣದಲ್ಲಿ ಈ ವಿನ್ಯಾಸವು ಉತ್ತಮ, ವೇಗದಲ್ಲಿ ತೃಪ್ತಿಕರ, ಆದರೆ ಇಬ್ಬರ ಕೈಗಾದರೂ ಅದರ ಹಾಯಿಗಳು ದೊಡ್ಡವು, ಒಬ್ಬರ ಕೈಗಂತೂ ಬಹಳ ದೊಡ್ಡವು. ಮುಂದಿನ ನಾವೆಯು ತಿದ್ದಬೇಕಾದುದು ಇದನ್ನೇ.

ಆ ಮುಂದಿನ ನಾವೆಯ ನಕ್ಷೆಯನ್ನೂ ನಾವು ಹೊರಗಿನಿಂದಲೇ ತರಬೇಕೆ? ಅಜಂತೆಯ ಭಿತ್ತಿಚಿತ್ರವೊಂದನ್ನು ಆಧರಿಸಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಎಂಬ ನೌಕೆಯನ್ನು 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲಿ ಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿತ್ರವಿದೆ. ಹಳೆಯ ನಕ್ಷೆಯೇ ಉಳಿದಿಲ್ಲದ ಆ ನೌಕೆಗಾಗಿ ಮದರಾಸಿನ ಐಐಟಿಯವರು ಮಾದರಿಯನ್ನು ಮಾಡಿ ನೀರಿನಲ್ಲಿ ಪರೀಕ್ಷಿಸಿದರು. ಗತಕಾಲದ ನೌಕೆಗೆ ಸಂದ ಈ ವಿಚಾರಣೆಯು ವರ್ತಮಾನದ ನಾವೆಗೆ ಸಲ್ಲಬಾರದೇಕೆ? ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಸಾಗರವಿಜ್ಞಾನವನ್ನು ಬೋಧಿಸುವವರಿದ್ದಾರೆ. ಯಶವಂತಪುರದ ಮಗ್ಗುಲಲ್ಲಿ ರೆಕ್ಕೆಯನ್ನು ಬಲ್ಲವರಿದ್ದಾರೆ. ಅದೇ ಯಶವಂತಪುರದ ನಿಲ್ದಾಣದಿಂದ ಕಾರವಾರಕ್ಕೆ ರೈಲು ಹೋಗುವುದು. ಮುನ್ನೂರು ಕಿಲೋಮೀಟರಿಗೂ ಮಿಕ್ಕ ಕರಾವಳಿಯುಳ್ಳ ರಾಜ್ಯದ ಸರ್ಕಾರವು ಈ ಎರಡು ಕಡೆಯ ವಿದ್ವಾಂಸರನ್ನೂ ಕಾರವಾರದ ನಾವಿಕರನ್ನೂ ಒಂದೆಡೆ ಕೂಡಿಸಿ, ಒಂದು ಸಣ್ಣ ಅಧ್ಯಯನಪೀಠವನ್ನು ಸ್ಥಾಪಿಸಲು ಬೇಕಾದ ಹಣವು ಯಾವುದೇ ಸನ್ಮಾನಸಮಾರಂಭಗಳ ಮಾಲಿಕೆಗೆ ತಗಲುವ ವೆಚ್ಚಕ್ಕಿಂತ ಹೆಚ್ಚಾಗಲಾರದು. ನೌಕಾಪಡೆಯು ನಾಲ್ಕು ಪ್ರದಕ್ಷಿಣೆಗಳ ದಾಖಲೆಗಳಲ್ಲಿ ರಕ್ಷಣೆಗೆ ಸಂಬಂಧಿಸದ ಭಾಗವನ್ನು ಆ ಪೀಠಕ್ಕೆ ಒದಗಿಸಲಿ. ಪೀಠವು ಗುಣದೋಷಗಳೆರಡನ್ನೂ ದಾಕ್ಷಿಣ್ಯವಿಲ್ಲದೆ ಬರೆದು, ಕನ್ನಡದಲ್ಲಿಯೂ ಪ್ರಕಟಿಸಲಿ. ಮುಂದೊಮ್ಮೆ ಯಾರಾದರೂ ಇಪ್ಪತ್ತೈದು ಸಾವಿರ ಮೈಲಿಗಳ ನೀರಿಗೆ ಹೊರಟಾಗ, ಅವರ ಧೈರ್ಯವನ್ನು ನೆಚ್ಚಿಕೊಂಡು ನಾವೆಯ ಕೊರತೆಯನ್ನು ಮರೆತವರು ನಾವಾಗದಿರಲು ಇದು ಕನಿಷ್ಠವಾದ ಕರ್ತವ್ಯ.